ಹಾಡುವ ಡಬ್ಬಿಯ ಹೊಟ್ಟೆಯೊಳಗೆ

ಮೊನ್ನೆ ನಮ್ಮ ಮನೆಯಲ್ಲಿ ಒಂದು ಪಂಚಾಯಿತಿ ನಡೆಯಿತು. ಆರೋಪಿ ನನ್ನ ಮೊಮ್ಮಗ, ಏಳನೇ ತರಗತಿಯವನು. ಹಾಳಾಗಿದ್ದು ಅವನ ಮ್ಯೂಸಿಕ್ ಪ್ಲೇಯರ್, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ತೀರ್ಪು ಕೊಟ್ಟವರು ಅವನ ಅಮ್ಮ ಮತ್ತು ನಾನು. ವಿಚಾರಣೆಯನ್ನೇ ಮಾಡದೆ ತೀರ್ಪು ಕೊಟ್ಟಿದ್ದೆವು ಎಂಬುದು ನನಗೆ ತಿಳಿದದ್ದು ಆಮೇಲೆ.

ಹತ್ತನೇ ತರಗತಿ ಮುಗಿಯುವವರೆಗೆ ಕೈಗೆ ಮೊಬೈಲ್ ಇಲ್ಲ ಎಂಬುದು ನಮ್ಮ ಮನೆಯ ಕಾನೂನು. ಆದರೆ ಹುಡುಗನಿಗೆ ಹಾಡಿನ ಹುಚ್ಚು. ಯುಗಾದಿಗೆ, ಗೌರಿ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ದೊಡ್ಡವರು ಕೊಟ್ಟ ಹಣವನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟು, 950 ರೂಪಾಯಿಗೆ ಆ ಪ್ಲೇಯರ್ ತಂದಿದ್ದ. ಸಂಗೀತದ ಟೀಚರ್ ಹಾಡಿಕೊಟ್ಟ ಭಾವಗೀತೆ ಅದರೊಳಗಿತ್ತು. ಪ್ರತಿಭಾ ಕಾರಂಜಿಗೆ ಇನ್ನು ಹನ್ನೆರಡೇ ದಿನ. ಅಷ್ಟರಲ್ಲಿ ಮೊದಲು ಬಲಕಿವಿಯ ಹಾಡು ನಿಂತಿತು, ಆಮೇಲೆ ಎಡಕಿವಿಯಲ್ಲಿ ಕರಕರ ಸದ್ದು, ಕೊನೆಗೆ ಏನೂ ಇಲ್ಲ. ತಂದು ಆರು ವಾರವೂ ಆಗಿರಲಿಲ್ಲ.

“ಕೈಗೆ ಕೊಟ್ಟಿದ್ದನ್ನೆಲ್ಲ ಹಾಳು ಮಾಡ್ತೀಯ. ಇನ್ಮೇಲೆ ಏನೂ ಕೇಳ್ಬೇಡ” ಎಂದಳು ನನ್ನ ಮಗಳು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ನಮ್ಮ ಕಾಲದಲ್ಲಿ ವಸ್ತು ಅಂದ್ರೆ ಕಲ್ಲಿನ ಹಾಗಿರ್ತಿತ್ತು. ನಾವೂ ಜೋಪಾನ ಮಾಡ್ತಿದ್ವಿ. ನನ್ನ ಕ್ಯಾಸೆಟ್ ಪ್ಲೇಯರ್ ಇವತ್ತಿಗೂ ಅಟ್ಟದಲ್ಲಿದೆ” ಎಂದು ಒಗ್ಗರಣೆ ಹಾಕಿದೆ.

ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: “ಹಾಗಾದ್ರೆ ತೋರ್ಸು ಅಜ್ಜಿ.”

ಅಟ್ಟದಿಂದ ಇಳಿದ ಪೆಟ್ಟಿಗೆ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವಳು. ತೋರಿಸು ಎಂದ ಮೇಲೆ ತೋರಿಸಲೇಬೇಕು. ಅಟ್ಟದ ಟ್ರಂಕಿನಿಂದ ಪ್ಲೇಯರ್ ಇಳಿಸಿದೆವು. 1986ರಲ್ಲಿ ನನ್ನ ತಮ್ಮ ದುಬೈಯಿಂದ ತಂದುಕೊಟ್ಟದ್ದು. ಲೋಹದ ಮೈ, ಒತ್ತಿದರೆ ‘ಟಕ್’ ಎನ್ನುವ ಗುಂಡಿಗಳು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಸೆಲ್ ಸೇರಿ 340 ಗ್ರಾಂ. ಮೊಮ್ಮಗನದು ಬರೀ 62 ಗ್ರಾಂ.

“ನೋಡಿದ್ಯಾ ತೂಕ?” ಎಂದೆ ಹೆಮ್ಮೆಯಿಂದ.

ಎರಡು ಹೊಸ ಪೆನ್ಸಿಲ್ ಸೆಲ್ ಹಾಕಿ ಗುಂಡಿ ಒತ್ತಿದೆ. ಸದ್ದಿಲ್ಲ. ಸೆಲ್ ಕೂರುವ ಜಾಗದ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಹಿಂದೆಂದೋ ಸೆಲ್ ತೆಗೆಯದೆ ಎತ್ತಿಟ್ಟವಳು ನಾನೇ. ನುಣುಪಾದ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಒತ್ತಿದೆ. ಒಳಗೆ ಮೋಟಾರು ‘ಗುಂಯ್’ ಎಂದಿತು. ಆದರೆ ಕ್ಯಾಸೆಟ್ಟಿನ ಚಕ್ರ ತಿರುಗಲಿಲ್ಲ.

“ನಿಜ ಅಜ್ಜಿ, ಕಲ್ಲಿನ ಹಾಗೇ ಇದೆ. ಅಲ್ಲಾಡ್ತಾನೇ ಇಲ್ಲ” ಎಂದ ಹುಡುಗ. ಎರಡು ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡದ್ದು ಆಗಲೇ.

ಹಿಂಬದಿಯಲ್ಲಿ ನಾಲ್ಕು ಸ್ಕ್ರೂ. ಬಿಚ್ಚಿದೆವು. ಒಳಗಿನ ಕೆಲಸ ಹೀಗೆ: ಮೋಟಾರಿನ ತುದಿಯಿಂದ ತೆಳ್ಳನೆಯ ಬೆಲ್ಟ್ ಒಂದು ಚಕ್ರವನ್ನು ತಿರುಗಿಸುತ್ತದೆ, ಹೊಲಿಗೆ ಯಂತ್ರದ ದೊಡ್ಡ ಚಕ್ರದಿಂದ ಸಣ್ಣ ಚಕ್ರಕ್ಕೆ ಬೆಲ್ಟ್ ಹೋದ ಹಾಗೆ. ಅದು ಫ್ಲೈವೀಲ್, ಅಂದರೆ ಭಾರದ ಚಕ್ರ. ಅದರ ನಡುವಿನ ನಯವಾದ ಉಕ್ಕಿನ ಕಡ್ಡಿಯೂ ಒಂದು ರಬ್ಬರ್ ಉರುಳೆಯೂ ಸೇರಿ ಟೇಪನ್ನು ಒತ್ತಿ ಹಿಡಿದು ಮುಂದಕ್ಕೆ ಎಳೆಯುತ್ತವೆ. ಟೇಪು ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ವೇಗ ಚೂರು ಹೆಚ್ಚು ಕಡಿಮೆಯಾದರೂ ಹಾಡು ತೇಲಾಡುತ್ತದೆ. ಚಕ್ರ ಭಾರವಾಗಿದ್ದಷ್ಟೂ ಓಟ ಒಂದೇ ಸಮ. ಹಾಗಾಗಿ ಒಳ್ಳೆಯ ಪ್ಲೇಯರಿಗೆ ಲೋಹದ ಚಕ್ರ, ಅಗ್ಗದ್ದಕ್ಕೆ ಪ್ಲಾಸ್ಟಿಕ್ ಚಕ್ರ ಇರುತ್ತಿತ್ತು.

ನಮ್ಮದರ ಚಕ್ರ ಲೋಹದ್ದೇ, ಇವತ್ತಿಗೂ ಹೊಳೆಯುತ್ತಿತ್ತು. ಆದರೆ ಬೆಲ್ಟ್? ಹಲಸಿನ ಮೇಣದ ಹಾಗೆ ಕರಗಿ, ಚಕ್ರಕ್ಕೂ ನನ್ನ ಬೆರಳಿಗೂ ಕಪ್ಪಗೆ ಅಂಟಿಕೊಂಡಿತು. ಪಾಲಿಯುರಿಥೇನ್ ಎಂಬ ವಸ್ತುವಿನ ಸ್ವಭಾವವೇ ಅದು. ಗಾಳಿಯ ತೇವ ಕುಡಿದು ಕುಡಿದು, ವರ್ಷಗಳ ಮೇಲೆ ಅದರೊಳಗಿನ ಉದ್ದುದ್ದ ಅಣುಸರಪಳಿಗಳು ತುಂಡಾಗುತ್ತವೆ. ಬಳಸಿದರೂ ಸರಿ, ಟ್ರಂಕಿನಲ್ಲಿಟ್ಟು ಪೂಜೆ ಮಾಡಿದರೂ ಸರಿ.

ಅಂದರೆ ನನ್ನ ‘ಕಲ್ಲಿನಂಥ’ ವಸ್ತುವನ್ನು ಮಲಗಿಸಿದ್ದು ದಾರದಷ್ಟು ತೆಳ್ಳಗಿನ ಒಂದು ಬೆಲ್ಟ್. ಜೋಪಾನದ ಮಾತು ನನ್ನ ಗಂಟಲಲ್ಲೇ ಉಳಿಯಿತು.

ಜೇಬಿಗೆ ಹಾಡು ಬಂದ ಕಥೆ

ಬೆಲ್ಟ್ ಸಿಗಲು ಎರಡು ದಿನ ಬೇಕಿತ್ತು. ಆ ಎರಡು ಸಂಜೆ ಜಗಲಿಯಲ್ಲಿ ಕೂತು ಮೊಮ್ಮಗನಿಗೆ ಹಳೆಯ ಕಥೆ ಹೇಳಿದೆ. ನೀವೂ ಕೇಳಿ ಮಕ್ಕಳೇ.

ಕ್ಯಾಸೆಟ್ ಹುಟ್ಟಿದ್ದು 1963ರಲ್ಲಿ, ಫಿಲಿಪ್ಸ್ ಕಂಪನಿಯಲ್ಲಿ. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ನೆದರ್ಲೆಂಡ್ಸ್‌ನ ಲೂ ಒಟೆನ್ಸ್ ಎಂಬ ಎಂಜಿನಿಯರ್. ಅದಕ್ಕೂ ಮೊದಲು ಟೇಪನ್ನು ದೊಡ್ಡ ದೊಡ್ಡ ಸುರುಳಿಗಳಿಂದ ಕೈಯಲ್ಲೇ ಪೋಣಿಸಬೇಕಿತ್ತು. ಒಟೆನ್ಸ್ ಮಾಡಿದ್ದೇನು ಗೊತ್ತೇ? ತನ್ನ ಕೋಟಿನ ಜೇಬಿಗೆ ಹಿಡಿಸುವ ಮರದ ತುಂಡೊಂದನ್ನು ಕತ್ತರಿಸಿಟ್ಟುಕೊಂಡರು. ಯಂತ್ರ ಇದಕ್ಕಿಂತ ದೊಡ್ಡದಾಗಕೂಡದು ಎಂಬುದೇ ಲೆಕ್ಕ. ಮೊದಲು ಜೇಬು, ಆಮೇಲೆ ಯಂತ್ರ!

ಟೇಪಿನ ಅಗಲ 3.81 ಮಿಲಿಮೀಟರ್. ತೆಳ್ಳನೆಯ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಒಂದು ಬದಿ 30 ನಿಮಿಷ. ಹಾಗಾದರೆ ಟೇಪಿನ ಉದ್ದ ಎಷ್ಟು? 4.76 ಸೆಂಟಿಮೀಟರನ್ನು 1,800 ಸೆಕೆಂಡಿನಿಂದ ಗುಣಿಸಿ: ಸುಮಾರು 86 ಮೀಟರ್. ಎರಡು ಗಂಟೆಯ ಕ್ಯಾಸೆಟ್ ಬೇಕೆಂದರೆ ಅದೇ ಡಬ್ಬಿಯೊಳಗೆ ಇಮ್ಮಡಿ ಉದ್ದ ಹಿಡಿಸಬೇಕು. ಆದ್ದರಿಂದ ಟೇಪನ್ನು ಇನ್ನೂ ತೆಳ್ಳಗೆ, ಸುಮಾರು 9 ಮೈಕ್ರಾನಿಗೆ ಇಳಿಸಿದರು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಅಷ್ಟು ತೆಳ್ಳಗಿನ ಟೇಪು ಹಿಗ್ಗುತ್ತಿತ್ತು, ಉರುಳೆಗೆ ಸುತ್ತಿಕೊಳ್ಳುತ್ತಿತ್ತು. ಜಿಪುಣತನ ಮಾಡಿ ಎರಡು ಗಂಟೆಯ ಕ್ಯಾಸೆಟ್ ಕೊಂಡು, ಕೊನೆಗೆ ಟೇಪಿನ ಗೋಜಲು ಬಿಡಿಸುತ್ತ ಕೂತ ಅಜ್ಜಂದಿರು ನಿಮ್ಮ ಮನೆಯಲ್ಲೂ ಇರಬಹುದು. ಕೇಳಿ ನೋಡಿ.

ಇನ್ನು ವಾಕ್‌ಮನ್. ಜಪಾನಿನ ಸೋನಿ ಕಂಪನಿ ಅದನ್ನು ಮಾರಾಟಕ್ಕಿಟ್ಟದ್ದು 1979ರ ಜುಲೈ 1ರಂದು. ನೀಲಿ ಮತ್ತು ಬೆಳ್ಳಿ ಬಣ್ಣದ ಲೋಹದ ಮೈ, ತೂಕ ಸುಮಾರು 390 ಗ್ರಾಂ, ಬೆಲೆ 33,000 ಯೆನ್. ರೆಕಾರ್ಡ್ ಮಾಡಲು ಬರುತ್ತಿರಲಿಲ್ಲ. ಬರೀ ಹಾಡು ಕೇಳುವ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಅನುಮಾನಪಟ್ಟವರಿದ್ದರು. ಮೊದಲ ಕಂತಿನಲ್ಲಿ ಮಾಡಿದ್ದು 30,000. ಜುಲೈ ಮುಗಿದರೂ ಮೂರು ಸಾವಿರದಷ್ಟೇ ಖರ್ಚಾಗಿತ್ತು. ಆಗಸ್ಟ್ ಮುಗಿಯುವಷ್ಟರಲ್ಲಿ ಎಲ್ಲವೂ ಖಾಲಿ! ಇಬ್ಬರು ಒಟ್ಟಿಗೆ ಕೇಳಲೆಂದು ಅದಕ್ಕೆ ಎರಡು ಹೆಡ್‌ಫೋನ್ ತೂತುಗಳಿದ್ದವು. ಕಿತ್ತಳೆ ಬಣ್ಣದ ಗುಂಡಿ ಒತ್ತಿದರೆ ಹಾಡು ತಗ್ಗಿ, ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು.

ಆಮೇಲೆ ಎಲ್ಲರ ಹಟ ಒಂದೇ, ಚಿಕ್ಕದು ಮಾಡಬೇಕು. 1983ರ ಹೊತ್ತಿಗೆ ಕ್ಯಾಸೆಟ್ಟಿನ ಡಬ್ಬಿಯಷ್ಟೇ ಗಾತ್ರದ, ಒಂದೇ ಸೆಲ್ ಸಾಕಾಗುವ ವಾಕ್‌ಮನ್ ಬಂತು. 2001ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಐಪಾಡ್ ತೋರಿಸಿತು. ಅದರೊಳಗೆ 1.8 ಇಂಚಿನ ಪುಟ್ಟ ಹಾರ್ಡ್ ಡಿಸ್ಕ್, ಅದರಲ್ಲಿ ಸಾವಿರ ಹಾಡು. ಮುಂದೆ ಬಿಳಿ ಪ್ಲಾಸ್ಟಿಕ್, ಹಿಂದೆ ಕನ್ನಡಿಯಂಥ ಸ್ಟೇನ್‌ಲೆಸ್ ಸ್ಟೀಲ್. ಆ ಹೊಳಪು ಕೊಟ್ಟವರಲ್ಲಿ ಜಪಾನಿನ ತ್ಸುಬಾಮೆ ಪಟ್ಟಣದ ಕುಶಲಕರ್ಮಿಗಳೂ ಇದ್ದರು. ಚಮಚ, ಪಾತ್ರೆಗಳಿಗೆ ಹೆಸರಾದ ಊರದು. ಅಷ್ಟು ಹೊಳೆಯುವ ಸ್ಟೀಲಿನ ಮೇಲೆ ಗೀರು ಬೇಗ ಕಾಣುತ್ತದೆ ಎಂಬುದು ಹೊಸ ತಟ್ಟೆ ತೊಳೆದ ಎಲ್ಲರಿಗೂ ಗೊತ್ತು. ಇನ್ನೊಂದು ಸಂಗತಿ, ಹೊರಗೆ ಎಲ್ಲೂ ಸ್ಕ್ರೂ ಕಾಣುತ್ತಿರಲಿಲ್ಲ. ಒಳಗಿನ ಬ್ಯಾಟರಿ ಮುಪ್ಪಾದರೆ ಮನೆಯಲ್ಲಿ ಬದಲಿಸುವುದು ಸುಲಭವಿರಲಿಲ್ಲ.

ಈಗಿನವಲ್ಲಿ ಹಾಡು ಇರುವುದು ಚಿಪ್ಪಿನಲ್ಲಿ. ತಿರುಗುವ ಚಕ್ರವಿಲ್ಲ, ಬೆಲ್ಟಿಲ್ಲ, ಟೇಪು ನುಂಗುವ ಭಯವೂ ಇಲ್ಲ. “ಹಾಗಾದ್ರೆ ನಂದ್ಯಾಕೆ ಕೆಟ್ಟೋಯ್ತು?” ಎಂದು ಮೊಮ್ಮಗ ಕೇಳಿದ. ಅವನನ್ನು ಬೈಯುವ ಮುಂಚೆ ಆ ಪ್ರಶ್ನೆಯನ್ನು ನಾನು ಕೇಳಬೇಕಿತ್ತು.

ಭೂತಗನ್ನಡಿಯ ಕೆಳಗೆ

ನಮ್ಮ ತುಮಕೂರಿನ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗನೊಬ್ಬ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ವಿಜ್ಞಾನದಲ್ಲಿ ಹೇಗೋ ಪಾಸಾದವನು. ಈಗ ಅವನ ಕೈಯಲ್ಲಿ ಸಾಲ್ಡರ್ ಕಡ್ಡಿ ಪೆನ್ನಿನ ಹಾಗೆ ಓಡುತ್ತದೆ.

“ಕೊಡಿ ಮೇಡಂ” ಎಂದು ಪ್ಲೇಯರ್ ತೆಗೆದುಕೊಂಡ. ಸ್ಕ್ರೂ ಇರಲಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡನ್ನು ಅಂಚಿಗೆ ತೂರಿಸಿ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿದ. ಒಂದು ಕೊಕ್ಕೆ ಮುರಿದೇ ಹೋಯಿತು. “ಇವನ್ನ ಮುಚ್ಚೋಕ್ಕೆ ಮಾಡಿರ್ತಾರೆ, ತೆಗೆಯೋಕ್ಕಲ್ಲ” ಎಂದ.

ಒಳಗೆ ಮೊದಲು ಕಂಡದ್ದು ಕಬ್ಬಿಣದ ಒಂದು ತಗಡು. ಅದಕ್ಕೆ ತಂತಿಯಿಲ್ಲ, ಸ್ಕ್ರೂ ಇಲ್ಲ, ಅಂಟಿಸಿದ್ದಷ್ಟೇ. “ಇದೇನು ಮಾಡುತ್ತೆ ಅಂಕಲ್?” ಎಂದ ಮೊಮ್ಮಗ. “ಏನೂ ಮಾಡಲ್ಲ ಪುಟ್ಟ. ಕೈಗೆ ತೂಕ ಸಿಕ್ಕಿದ್ರೆ ಗಟ್ಟಿ ಮಾಲು ಅಂದ್ಕೋತಾರಲ್ಲ, ಅದಕ್ಕೆ.” ತೂಗಿದರೆ 18 ಗ್ರಾಂ! ತಕ್ಕಡಿ ಹಿಡಿದು ಹೆಮ್ಮೆಪಟ್ಟಿದ್ದ ನಾನು ಬೇರೆ ಕಡೆ ನೋಡಿದೆ.

ಆಮೇಲೆ ಇಯರ್‌ಫೋನ್ ಚುಚ್ಚುವ ತೂತನ್ನು ಭೂತಗನ್ನಡಿಯ ಕೆಳಗೆ ಹಿಡಿದು, “ನೀವೇ ನೋಡಿ ಮೇಡಂ” ಎಂದ. ಆ ತೂತಿನ ಭಾಗ ಹಲಗೆಗೆ ನಿಂತಿದ್ದದ್ದು ಚುಕ್ಕಿಯಷ್ಟು ಸಾಲ್ಡರಿನ ಬಲದಲ್ಲಿ. ಪ್ರತಿ ಚುಕ್ಕಿಯ ಸುತ್ತ ಕೂದಲೆಳೆಯಂಥ ಬಿರುಕು, ಉಂಗುರದ ಹಾಗೆ.

ಕಾರಣ ಸರಳ. ಇಯರ್‌ಫೋನಿನ ಪಿನ್ನು ಒಂದು ಸನ್ನೆಗೋಲು. ಜೇಬಿನಲ್ಲಿ ಅದು ಚೂರು ಬಾಗಿದರೂ ಆ ಬಲವೆಲ್ಲ ಹೋಗಿ ಬೀಳುವುದು ತೂತಿನ ಬುಡದ ಮೇಲೆ. ಚೆನ್ನಾಗಿ ಕಟ್ಟಿದ ಪ್ಲೇಯರಿನಲ್ಲಿ ಆ ಭಾಗವನ್ನು ಲೋಹದ ನಟ್ಟಿನಿಂದ ಮೈಗೇ ಬಿಗಿದಿರುತ್ತಾರೆ, ಅಥವಾ ಸುತ್ತ ಗಟ್ಟಿ ಗೋಡೆ ಕಟ್ಟಿರುತ್ತಾರೆ. ಬಲವನ್ನು ಮೈ ಹೊರುತ್ತದೆ, ಸಾಲ್ಡರ್ ಬರೀ ವಿದ್ಯುತ್ ಹರಿಸುತ್ತದೆ. ಇದರಲ್ಲಿ ಎರಡು ಕೆಲಸವೂ ಸಾಲ್ಡರಿನದೇ. ಸಾಲ್ಡರ್ ಮೆತ್ತಗಿನ ಲೋಹ. ದಿನಕ್ಕೆ ಹತ್ತು ಸಲ ಬಾಗಿಸಿದರೆ ಎಷ್ಟು ದಿನ ತಡೆದೀತು?

“ಬೀಳಿಸಿದ್ದಕ್ಕೆ ಹೀಗಾಗಿದ್ದಲ್ವಾ?” ಎಂದೆ.

“ಅಲ್ಲ ಮೇಡಂ. ಬಿದ್ದಿದ್ರೆ ಮೂಲೆ ಜಜ್ಜಿರ್ತಿತ್ತು, ಪರದೆ ಒಡೆದಿರ್ತಿತ್ತು. ಇದು ಚುಚ್ಚಿ ತೆಗೆದು ಚುಚ್ಚಿ ತೆಗೆದು ಆಗಿರೋದು. ಯಾರು ಬಳಸಿದ್ರೂ ಹೀಗೇ ಆಗೋದು. ಹುಡುಗನ ತಪ್ಪೇನಿಲ್ಲ.”

ಹಳೆಯ ಸಾಲ್ಡರ್ ತೆಗೆದು ಹೊಸದು ಹಾಕಿ, ಸುತ್ತ ಬಿಸಿ ಅಂಟಿನ ಗೋಡೆ ಕಟ್ಟಿದ. ತಗಡನ್ನು ಒಳಗೆ ಹಾಕಲೇ ಇಲ್ಲ. 80 ರೂಪಾಯಿ ತೆಗೆದುಕೊಂಡ. ಇಯರ್‌ಫೋನಿನಲ್ಲಿ ಟೀಚರ ದನಿ ಎರಡೂ ಕಿವಿಗೆ ಬಂತು.

ಹಿಂದಿರುಗುವಾಗ ದಾರಿಯಲ್ಲಿ ನಾನೇ ಹೇಳಿದೆ: “ತಪ್ಪು ನಂದು ಪುಟ್ಟ. ನೋಡ್ದೇನೇ ಬೈದುಬಿಟ್ಟೆ.”

ಅವನು ಸ್ವಲ್ಪ ದೂರ ಸುಮ್ಮನೆ ನಡೆದ. ಆಮೇಲೆ ಕೇಳಿದ: “ಅಮ್ಮಂಗೂ ಹೇಳ್ತೀಯಾ?”

ಹೇಳಿದೆ. ಮಗಳು ಮಾತಾಡಲಿಲ್ಲ. ಮರುದಿನ ಬೆಂಗಳೂರಿನ ಕಚೇರಿ ಮುಗಿಸಿ ರೈಲು ಹತ್ತುವ ಮುಂಚೆ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ, ನನ್ನ ಪ್ಲೇಯರಿನ ಬೆಲ್ಟ್ ಹುಡುಕಿ ತಂದಳು. ಬೆಲ್ಟಿನ ಅಳತೆಗೆ ಮೊಮ್ಮಗನೇ ಚಕ್ರಗಳ ಸುತ್ತ ದಾರ ಸುತ್ತಿ ಕೊಟ್ಟಿದ್ದ. ದಾರಕ್ಕಿಂತ ಬೆಲ್ಟ್ ಒಂದು ಚೂರು ಚಿಕ್ಕದಿರಬೇಕು, ಆಗಲೇ ಬಿಗಿ ಬರುವುದು.

ಕೊಳ್ಳುವಾಗ ಹೀಗೆ ನೋಡಿ

ಇಷ್ಟಾದ ಮೇಲೆ ಮೊಮ್ಮಗ ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಪಟ್ಟಿ ಬರೆದ. ನಾನು ತಿದ್ದಿದ್ದು ಕಾಗುಣಿತವನ್ನು ಮಾತ್ರ.

1. ಸ್ಕ್ರೂ ಇದೆಯೇ? ಇದ್ದರೆ ತೆರೆಯಬಹುದು, ತೆರೆದರೆ ಸರಿ ಮಾಡಬಹುದು. ಅಂಟು ಹಾಕಿ ಮುಚ್ಚಿದ್ದು ಕೆಟ್ಟರೆ ಕಷ್ಟ.

2. ಇಯರ್‌ಫೋನ್ ಚುಚ್ಚಿ ಮೆಲ್ಲಗೆ ಅಲ್ಲಾಡಿಸಿ. ತೂತೂ ಜೊತೆಗೆ ಅಲ್ಲಾಡಿದರೆ ಬೇಡ.

3. ತೂಕ ನಂಬಬೇಡಿ. ಒಂದೇ ಎತ್ತರದಿಂದ ಬಿದ್ದರೆ ಐದು ಪಟ್ಟು ಭಾರದ್ದು ಐದು ಪಟ್ಟು ಶಕ್ತಿಯೊಂದಿಗೆ ನೆಲಕ್ಕೆ ಬಡಿಯುತ್ತದೆ. ಹಗುರವಾದದ್ದಕ್ಕೆ ಪೆಟ್ಟೂ ಕಡಿಮೆ.

4. ಲೋಹವೋ ಲೋಹದ ಬಣ್ಣವೋ? ಕೆನ್ನೆಗೆ ತಾಗಿಸಿ. ನಿಜವಾದ ಲೋಹ ತಣ್ಣಗಿರುತ್ತದೆ. ಅಯಸ್ಕಾಂತ ಕಬ್ಬಿಣಕ್ಕೆ ಅಂಟುತ್ತದೆ, ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ.

5. ಪ್ಲಾಸ್ಟಿಕ್ ಎಂದರೆ ಕೀಳಲ್ಲ. ಲೆಗೋ ಆಟಿಕೆಯ ಇಟ್ಟಿಗೆಗಳು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನವು, ಎಷ್ಟು ಸಲ ಜೋಡಿಸಿ ಬಿಡಿಸಿದರೂ ತಡೆಯುತ್ತವೆ. ಸಿ.ಡಿ. ಮಾಡುವ ಪಾಲಿಕಾರ್ಬೊನೇಟ್ ಕೂಡ ಗಟ್ಟಿಯೇ. ಗೋಡೆ ತೀರಾ ತೆಳ್ಳಗಿದ್ದರೆ ಮಾತ್ರ ತೊಂದರೆ.

6. ರಬ್ಬರಿನ ಹಾಗೆ ಮೆತ್ತಗಿನ ಲೇಪ ಬೇಡ. ಅಂಗಡಿಯಲ್ಲಿ ಹಿತವಾಗಿರುತ್ತದೆ. ಕೆಲವು ವರ್ಷಕ್ಕೆ ಅಜ್ಜಿಯ ಬೆಲ್ಟಿನ ಹಾಗೆ ಜಿಗುಟಾಗಬಹುದು.

7. ತೆಗೆದಿಡುವಾಗ ಸೆಲ್ ಹೊರಗೆ ತೆಗೆಯಿರಿ. (ಇದನ್ನು ಬರೆಯುವಾಗ ನನ್ನ ಕಡೆ ನೋಡಿ ನಕ್ಕ.)

8. ಇಯರ್‌ಫೋನ್ ಕೀಳುವಾಗ ತಂತಿ ಹಿಡಿದು ಎಳೆಯಬೇಡಿ, ಪಿನ್ನು ಹಿಡಿದು ನೇರವಾಗಿ ತೆಗೆಯಿರಿ.

ನಾನು ಸೇರಿಸುವುದು ಒಂದೇ ಎಚ್ಚರಿಕೆ. ಹೊಸ ಪ್ಲೇಯರುಗಳ ಒಳಗಿನ ಬೆಳ್ಳಿ ಬಣ್ಣದ ತೆಳ್ಳನೆಯ ಪೊಟ್ಟಣ ಲಿಥಿಯಂ ಬ್ಯಾಟರಿ. ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಅದರ ಶಕ್ತಿ ಕುಗ್ಗುತ್ತದೆ. ಅದು ಉಬ್ಬಿದ್ದರೆ ಚಾರ್ಜ್ ಮಾಡಬೇಡಿ. ಎಂದೂ ಚುಚ್ಚಬೇಡಿ, ಒತ್ತಬೇಡಿ. ಬೆಂಕಿ ಹತ್ತಬಹುದು. ಮಕ್ಕಳೇ, ದೊಡ್ಡವರಿಲ್ಲದೆ ಯಾವುದನ್ನೂ ತೆರೆಯಬೇಡಿ.

ಹದಿನೇಳರ ಮಗ್ಗಿ

ಆ ರಾತ್ರಿ ಊಟವಾದ ಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕರಿ ಮೇಣ ಒರೆಸಿದೆವು. ಹೊಸ ಬೆಲ್ಟ್ ಹಾಕಿದವನು ಮೊಮ್ಮಗ. ಟ್ರಂಕಿನಲ್ಲಿ ಒಂದು ಕ್ಯಾಸೆಟ್ಟೂ ಇತ್ತು, ಮೇಲೆ ನನ್ನದೇ ಅಕ್ಷರದಲ್ಲಿ ‘ಮಗ್ಗಿ, 1988’ ಎಂದಿತ್ತು. ಅದರ ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ತುಂಡು ಅಂಟು ಒಣಗಿ ಉದುರಿತ್ತು. ಪುಣ್ಯಕ್ಕೆ ಆ ಕ್ಯಾಸೆಟ್ಟಿಗೆ ಐದು ಸ್ಕ್ರೂಗಳಿದ್ದವು, ಮೂಲೆಗೊಂದು, ನಡುವೆ ಒಂದು. ಬೆಸೆದು ಮುಚ್ಚಿದ ಕ್ಯಾಸೆಟ್ ಆಗಿದ್ದರೆ ಒಡೆಯಬೇಕಾಗುತ್ತಿತ್ತು. ತೆರೆದು, ತುಂಡನ್ನು ಅಂಟಿಸಿ, ಮುಚ್ಚಿ, ಆರು ಮೂಲೆಯ ಪೆನ್ಸಿಲ್ಲನ್ನು ತೂತಿಗೆ ತೂರಿಸಿ ಟೇಪು ಬಿಗಿ ಮಾಡಿದೆವು.

ಟಕ್.

ಮೊದಲು ಬರೀ ಸೊರಸೊರ. ಆಮೇಲೆ ಎಂಟು ವರ್ಷದ ಹುಡುಗಿಯ ದನಿ, ರಾಗವಾಗಿ, ಹದಿನೇಳರ ಮಗ್ಗಿ. ಮೊಮ್ಮಗ ಒಂದು ಕಿವಿಗೆ, ನಾನು ಒಂದು ಕಿವಿಗೆ ಹಿಡಿದುಕೊಂಡಿದ್ದೆವು. “ಯಾರಜ್ಜಿ ಇದು?” ಎಂದ. ಅಷ್ಟರಲ್ಲಿ ಪಾತ್ರೆ ಎತ್ತಿಡುತ್ತಿದ್ದ ನನ್ನ ಮಗಳು ಬಂದು, ನನ್ನ ಕಿವಿಯದನ್ನು ಕಿತ್ತು ತನ್ನ ಕಿವಿಗೆ ಇಟ್ಟುಕೊಂಡಳು. ಹದಿನೇಳು ಎಂಟಲಿ ಎಂಬಲ್ಲಿಗೆ ಬಂದು ಆ ಪುಟ್ಟ ದನಿ ತಡವರಿಸಿ ನಿಂತೇಬಿಟ್ಟಿತು.

“ನೂರಾ ಮೂವತ್ತಾರು!” ಎಂದು ಕೂಗಿದ ಮೊಮ್ಮಗ.

“ಗೊತ್ತು ಕಣೋ, ಈಗ ಗೊತ್ತು” ಎಂದು ಅವನಮ್ಮ ಅವನ ತಲೆಗೂದಲು ಕೆದರಿದಳು.